ಬಣ್ಣ ಏರುವ ಮೊದಲಿನ ಬಟ್ಟೆ

ಬಾಗಲಕೋಟೆ ಸೀಮೆಯಲ್ಲಿ ತುಳಸಿಗೇರಿ ಎಂದರೆ ಮೊದಲು ನೆನಪಾಗುವುದು ಹನುಮಪ್ಪ. ಆದರೆ ದೇಶದ ಮಟ್ಟಿಗೆ ಈ ಊರಿನ ನಂಟು ಬೇರೆಯೇ ಒಂದು ವಸ್ತುವಿನ ಜೊತೆಗಿದೆ. ಇಲ್ಲಿನ ಖಾದಿ ಕೇಂದ್ರದ ಮಗ್ಗಗಳಲ್ಲಿ ರಾಷ್ಟ್ರಧ್ವಜದ ಬಟ್ಟೆ ತಯಾರಾಗುತ್ತದೆ. ಹೋಗಿ ನೋಡಿದವರಿಗೆ ಮೊದಲ ನೋಟಕ್ಕೆ ತುಸು ನಿರಾಸೆಯೇ ಆದೀತು. ಅಲ್ಲಿ ಕೇಸರಿ ಇಲ್ಲ, ಹಸಿರಿಲ್ಲ, ಚಕ್ರವೂ ಇಲ್ಲ. ಹಾಸಿನದೂ ಬಿಳಿ ನೂಲು, ಹೊಕ್ಕಿನದೂ ಬಿಳಿ ನೂಲು. ಲಾಳಿ ಆ ಕಡೆಯಿಂದ ಈ ಕಡೆ ಓಡಿದಷ್ಟೂ ಬಿಳಿ ಬಟ್ಟೆಯೇ ಬೆಳೆಯುತ್ತ ಹೋಗುತ್ತದೆ. ಆ ಬಟ್ಟೆ ಹುಬ್ಬಳ್ಳಿಯ ಬೆಂಗೇರಿಯ ಧ್ವಜ ಘಟಕ ಸೇರಿದ ಮೇಲೆ ಒಂದು ಭಾಗ ಕೇಸರಿಯಾಗುತ್ತದೆ, ಒಂದು ಭಾಗ ಹಸಿರಾಗುತ್ತದೆ, ಒಂದು ಭಾಗ ಬಿಳಿಯಾಗಿಯೇ ಉಳಿದು ಚಕ್ರವನ್ನು ಹೊರುತ್ತದೆ.

ಹಾಗಿದ್ದರೆ ಧ್ವಜಕ್ಕೆ ಅರ್ಥ ಬರುವುದು ಯಾವ ಹಂತದಲ್ಲಿ? ಬಣ್ಣ ಅದ್ದಿದಾಗಲೋ, ಚಕ್ರ ಅಚ್ಚಾದಾಗಲೋ, ಕಂಬದ ತುದಿಯಲ್ಲಿ ಬಿಚ್ಚಿಕೊಂಡಾಗಲೋ? ಶಾಲೆಯ ಮಕ್ಕಳನ್ನು ಕೇಳಿದರೆ ಉತ್ತರ ಬಾಯಿಪಾಠವಾಗಿ ಬರುತ್ತದೆ: ಕೇಸರಿ ತ್ಯಾಗ, ಬಿಳಿ ಶಾಂತಿ, ಹಸಿರು ಸಮೃದ್ಧಿ. ಈ ಉತ್ತರ ತಪ್ಪಲ್ಲ. ಆದರೆ ಅದು ಪ್ರಶ್ನೆಯ ಕಾಲುಭಾಗ ಮಾತ್ರ. ಉಳಿದ ಮುಕ್ಕಾಲು ಭಾಗಕ್ಕೆ ಬಾದಾಮಿಯ ಗುಹೆ, ಇಳಕಲ್ಲಿನ ಮಗ್ಗ, ಹುನಗುಂದದ ಆಚೆಗಿನ ಹಳೆಯ ಗಡಿ, ಇವೆಲ್ಲವನ್ನೂ ಸುತ್ತಬೇಕು. ನಡುವೆ ಒಮ್ಮೆ ಕೊರಿಯಾಕ್ಕೂ ಹೋಗಿ ಬರಬೇಕು.

ಚಿತ್ರದಲ್ಲಿ ತುಂಬಿಟ್ಟ ಅರ್ಥ

ಧ್ವಜದ ಚಿತ್ರದಲ್ಲೇ ಒಂದು ಇಡೀ ದರ್ಶನವನ್ನು ಅಡಗಿಸಿಟ್ಟ ದೇಶ ಯಾವುದೆಂದರೆ ದಕ್ಷಿಣ ಕೊರಿಯಾದ ಹೆಸರನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಅಲ್ಲಿನವರು ತಮ್ಮ ಬಾವುಟವನ್ನು ‘ತೇಗುಕ್ಗಿ’ ಎನ್ನುತ್ತಾರೆ. ಬಿಳಿ ನೆಲ, ನಡುವೆ ಒಂದು ವೃತ್ತ. ವೃತ್ತದ ಮೇಲರ್ಧ ಕೆಂಪು, ಕೆಳಗಿನರ್ಧ ನೀಲಿ. ಎರಡೂ ನೇರ ಗೆರೆಯಲ್ಲಿ ಬೇರೆಯಾಗದೆ ಒಂದರ ಮಡಿಲಿಗೆ ಇನ್ನೊಂದು ಹೊರಳಿಕೊಂಡಿವೆ. ಕೆಂಪು ಯಾಂಗ್, ನೀಲಿ ಇನ್. ಬೆಳಕು–ನೆರಳು, ಬಿಸಿ–ತಂಪುಗಳ ಜೋಡಿ. ನಾಲ್ಕು ಮೂಲೆಗಳಲ್ಲಿ ಕಪ್ಪು ಗೆರೆಗಳ ನಾಲ್ಕು ಗುಂಪು. ಇವು ಚೀನಾದ ಪ್ರಾಚೀನ ‘ಈ ಚಿಂಗ್’ ಗ್ರಂಥದ ಎಂಟು ಸಂಕೇತಗಳಿಂದ ಆಯ್ದವು. ಕಂಬದ ಕಡೆಯ ಮೇಲಿನ ಮೂಲೆಯಲ್ಲಿ ತುಂಡಾಗದ ಮೂರು ಗೆರೆ, ಅದು ಆಕಾಶ. ಅದರ ಎದುರು ಕರ್ಣದಲ್ಲಿ ಮೂರೂ ಗೆರೆ ತುಂಡಾಗಿ ಆರಾದ ಗುಂಪು, ಅದು ಭೂಮಿ. ಇನ್ನೊಂದು ಕರ್ಣದಲ್ಲಿ ಬೆಂಕಿ ಮತ್ತು ನೀರು. ತುಣುಕುಗಳನ್ನು ಎಣಿಸಿದರೆ ಆಕಾಶಕ್ಕೆ 3, ಬೆಂಕಿಗೆ 4, ನೀರಿಗೆ 5, ಭೂಮಿಗೆ 6. ಬಾವುಟ ಬಿಡಿಸಲು ಕೂತ ಮಗುವಿಗೆ ಈ ಲೆಕ್ಕವೇ ದಾರಿ ತೋರಿಸುತ್ತದೆ.

ಇಷ್ಟು ಗಹನವಾದ ಚಿತ್ರ ಹುಟ್ಟಿದ ಕಥೆ ಮಾತ್ರ ತೀರ ವ್ಯಾವಹಾರಿಕ. 19ನೆಯ ಶತಮಾನದ ಕೊನೆಯಲ್ಲಿ ಹೊರದೇಶಗಳ ಜೊತೆ ಒಪ್ಪಂದಕ್ಕೆ ಕೂತಾಗ ಕೊರಿಯಾದ ಚೋಸನ್ ರಾಜ್ಯಕ್ಕೆ ಹಡಗಿನ ಮೇಲೆ, ಮೇಜಿನ ಮೇಲೆ ಇಡಲು ಒಂದು ಬಾವುಟ ಬೇಕಾಯಿತು. 1882ರಲ್ಲಿ ಪಾಕ್ ಯಾಂಗ್–ಹ್ಯೊ ಎಂಬ ರಾಯಭಾರಿ ಜಪಾನಿಗೆ ಹೊರಟಿದ್ದ ಹಡಗಿನಲ್ಲಿ, ಎಂಟೂ ಸಂಕೇತಗಳಿದ್ದರೆ ಕಿಕ್ಕಿರಿದು ಕಾಣುತ್ತದೆ ಎಂಬ ಸಲಹೆ ಕೇಳಿ ನಾಲ್ಕನ್ನು ಕೈಬಿಟ್ಟ ಎಂಬುದು ಪ್ರಸಿದ್ಧ ವೃತ್ತಾಂತ. ಆತನಿಗೂ ಕೆಲವು ತಿಂಗಳು ಮೊದಲೇ ಇಂಥದೊಂದು ಬಾವುಟ ಬಳಕೆಗೆ ಬಂದಿತ್ತು ಎನ್ನುವ ಇತಿಹಾಸಕಾರರೂ ಇದ್ದಾರೆ. ಅಧಿಕೃತ ಘೋಷಣೆ ಬಂದದ್ದು 1883ರಲ್ಲಿ. ಗೆರೆಗಳ ಜಾಗ, ವೃತ್ತದ ತಿರುವು ಅದಾದ ಮೇಲೂ ಹಲವು ದಶಕ ಬಾವುಟದಿಂದ ಬಾವುಟಕ್ಕೆ ಬದಲಾಗುತ್ತಲೇ ಇದ್ದವು. ದಕ್ಷಿಣ ಕೊರಿಯಾ ಸರ್ಕಾರ ಅವನ್ನು ಅಳತೆಪಟ್ಟಿಯಲ್ಲಿ ಕಟ್ಟಿಹಾಕಿದ್ದು 1949ರ ಅಕ್ಟೋಬರ್‌ನಲ್ಲಿ.

ಬಾದಾಮಿಯ ಹಂದಿ

ಲಾಂಛನದಲ್ಲಿ ಅರ್ಥ ತುಂಬುವ ವಿದ್ಯೆ ಬಾದಾಮಿಗೆ ಹೊಸತೇನಲ್ಲ. ಮೂರನೆಯ ಗುಹೆಯ ಪಡಸಾಲೆಯಲ್ಲಿ ಆಳೆತ್ತರವನ್ನೂ ಮೀರಿದ ವರಾಹಮೂರ್ತಿ ನಿಂತಿದೆ; ಭೂದೇವಿಯನ್ನು ಎತ್ತಿ ಹಿಡಿದಿದೆ. ಅದೇ ಗುಹೆಯಲ್ಲಿ ಮಂಗಲೇಶ ಬರೆಸಿದ, ಶಕ 500ರ, ಅಂದರೆ ಕ್ರಿ.ಶ. 578ರ ಶಾಸನವಿದೆ. ಎರಡನೆಯ ಗುಹೆಯಲ್ಲೂ ವರಾಹನಿದ್ದಾನೆ. ಚಾಲುಕ್ಯರಿಗೆ ವರಾಹ ಪೂಜೆಯ ಮೂರ್ತಿ ಮಾತ್ರವಲ್ಲ, ರಾಜಮುದ್ರೆಯೂ ಹೌದು. ಅವರ ತಾಮ್ರಪಟಗಳನ್ನು ಕೋದ ಬಳೆಯ ಮುದ್ರೆಯಲ್ಲಿ ಹಂದಿ ಇರುತ್ತದೆ. ಈ ಲಾಂಛನ ನಾರಾಯಣನ ಕೃಪೆಯಿಂದ ಬಂದದ್ದು, ಇದನ್ನು ಕಂಡ ಕ್ಷಣದಲ್ಲೇ ಎದುರಾಳಿ ಅರಸರು ಬಗ್ಗುತ್ತಾರೆ ಎಂಬ ಅರ್ಥದ ಹೊಗಳಿಕೆ ಆ ಪಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮುಂದೆ ಚಿನ್ನದ ನಾಣ್ಯಕ್ಕೇ ಕನ್ನಡದಲ್ಲಿ ‘ವರಹ’ ಎಂಬ ಹೆಸರು ನಿಂತಿತು.

ಆ ಕಾಲದ ಬಾವುಟಕ್ಕೆ ಇನ್ನೊಂದು ಗುಣವಿತ್ತು: ಅದನ್ನು ಗೆದ್ದು ತರಬಹುದಿತ್ತು. ವಿನಯಾದಿತ್ಯನ ಆಳ್ವಿಕೆಯಲ್ಲಿ ಉತ್ತರದ ಅರಸನನ್ನು ಸೋಲಿಸಿ ‘ಪಾಳಿಧ್ವಜ’ವನ್ನು ವಶಪಡಿಸಿಕೊಂಡದ್ದನ್ನು ಚಾಲುಕ್ಯ ಶಾಸನಗಳು ಹೆಮ್ಮೆಯಿಂದ ಹೇಳುತ್ತವೆ. ಪಾಳಿ ಎಂದರೆ ಸಾಲು, ಸಾಲುಗಟ್ಟಿದ ಬಾವುಟಗಳು. ನಂತರ ಬಂದ ರಾಷ್ಟ್ರಕೂಟರೂ ಪಾಳಿಧ್ವಜದ ಹೆಮ್ಮೆಯನ್ನು ತಮ್ಮದಾಗಿಸಿಕೊಂಡರು. ಹೀಗೆ ಅರಸರ ಬಾವುಟ ಅರಸರದೇ ಆಸ್ತಿಯಾಗಿತ್ತು. ಅದರ ಅರ್ಥವನ್ನು ಬರೆದವರು ಆಸ್ಥಾನದ ಕವಿಗಳು. ಊರ ಜನ ಅದನ್ನು ನೋಡಬಹುದಿತ್ತು, ಅದಕ್ಕೆ ತಲೆಬಾಗಬಹುದಿತ್ತು, ಎತ್ತಿ ಹಿಡಿಯುವ ಹಕ್ಕು ಮಾತ್ರ ಅವರದಾಗಿರಲಿಲ್ಲ.

ಈ ಪರಿಪಾಠ ನಿನ್ನೆ ಮೊನ್ನೆಯವರೆಗೂ ನಡೆದೇ ಇತ್ತು. ಇಂದಿನ ಬಾಗಲಕೋಟೆ ಜಿಲ್ಲೆಯೊಳಗೇ ಇರುವ ಮುಧೋಳದಲ್ಲಿ ಘೋರ್ಪಡೆ ಮನೆತನದ ಸಂಸ್ಥಾನವಿತ್ತು. ಬಿಳಿ, ಕಪ್ಪು, ಹಸಿರು ಪಟ್ಟಿಗಳ ತ್ರಿಕೋನ ಧ್ವಜ ಅದರದು, ಮತ್ತು ಅದರ ಹೆಸರೇ ‘ಬಾವುಟ’. ಪಕ್ಕದ ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿ. ಅಲ್ಲಿ ಹಾರುತ್ತಿದ್ದುದು ಬ್ರಿಟಿಷರ ಯೂನಿಯನ್ ಜ್ಯಾಕ್. ಒಂದು ದಿನದ ಎತ್ತಿನ ಗಾಡಿಯ ಪಯಣದಲ್ಲಿ ಎರಡು ಮೂರು ಬಾವುಟಗಳ ನೆರಳು ದಾಟಬಹುದಾಗಿದ್ದ ಸೀಮೆಯಿದು.

ಬಣ್ಣ ಅದೇ, ಅರ್ಥ ಬೇರೆ

ತ್ರಿವರ್ಣದ ಬಣ್ಣಗಳ ಅರ್ಥ ಒಂದೇ ಸಲಕ್ಕೆ ನಿಂತುಬಿಟ್ಟದ್ದಲ್ಲ. 1921ರಲ್ಲಿ ಪಿಂಗಳಿ ವೆಂಕಯ್ಯ ವಿಜಯವಾಡದಲ್ಲಿ ಗಾಂಧೀಜಿಗೆ ತೋರಿಸಿದ ಬಾವುಟದಲ್ಲಿ ಕೆಂಪು ಹಿಂದೂಗಳದು, ಹಸಿರು ಮುಸ್ಲಿಮರದು ಎಂಬ ಲೆಕ್ಕವಿತ್ತು. ಉಳಿದವರಿಗಾಗಿ ಬಿಳಿ ಸೇರಿತು. ಚರಕ ಇರಲಿ ಎಂಬ ಸಲಹೆ ಜಲಂಧರದ ಲಾಲಾ ಹಂಸರಾಜರದು. ಬಣ್ಣವನ್ನು ಮತಗಳಿಗೆ ಹಂಚಿದ ಮೇಲೆ ತಕರಾರು ಬಾರದೇ ಇದ್ದೀತೇ? ಸಿಖ್ಖರು ತಮ್ಮ ಬಣ್ಣ ಎಲ್ಲಿ ಎಂದು ಕೇಳಿದರು. 1931ರಲ್ಲಿ ಕಾಂಗ್ರೆಸ್ ಏಳು ಜನರ ಸಮಿತಿ ನೇಮಿಸಿತು. ಪಟೇಲ್, ನೆಹರೂ, ಆಜಾದ್, ತಾರಾ ಸಿಂಗ್, ಪಟ್ಟಾಭಿ ಸೀತಾರಾಮಯ್ಯ, ಕಾಕಾ ಕಾಲೇಲ್ಕರ್ ಅವರ ಜೊತೆಗೆ ನಮ್ಮ ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ಅದರ ಸದಸ್ಯರು. ಇಡೀ ಬಾವುಟ ಒಂದೇ ಕೇಸರಿ ಬಣ್ಣದ್ದಾಗಲಿ, ಮೂಲೆಯಲ್ಲಿ ಚರಕ ಇರಲಿ ಎಂದು ಸಮಿತಿ ಹೇಳಿತು. ಕಾಂಗ್ರೆಸ್ ಒಪ್ಪಲಿಲ್ಲ. ಕೇಸರಿ–ಬಿಳಿ–ಹಸಿರುಗಳ ತ್ರಿವರ್ಣವನ್ನೇ ಉಳಿಸಿಕೊಂಡು, ಬಣ್ಣಗಳಿಗೆ ಮತದ ಅರ್ಥವಿಲ್ಲ, ಅವು ಗುಣಗಳ ಗುರುತು ಎಂದು ಸ್ಪಷ್ಟಪಡಿಸಿತು. ಶಾಲೆಯ ಬಾಯಿಪಾಠದ ಬೇರು ಇರುವುದು ಇಲ್ಲಿ.

1947ರ ಜುಲೈ 22ರಂದು ಸಂವಿಧಾನ ಸಭೆ ಧ್ವಜವನ್ನು ಅಂಗೀಕರಿಸುವಾಗ ಇನ್ನೊಂದು ಬದಲಾವಣೆಯಾಯಿತು. ಚರಕದ ಜಾಗಕ್ಕೆ ಸಾರನಾಥದ ಅಶೋಕ ಚಕ್ರ ಬಂತು. ನೆಹರೂ ಕೊಟ್ಟ ಕಾರಣಗಳಲ್ಲಿ ಒಂದು ಬಹಳ ಸರಳವಾದದ್ದು: ಬಾವುಟ ಎರಡೂ ಬದಿಯಿಂದ ಒಂದೇ ರೀತಿ ಕಾಣಬೇಕು. ಚರಕಕ್ಕೆ ಒಂದು ಕಡೆ ಚಕ್ರ, ಇನ್ನೊಂದು ಕಡೆ ಕದಿರು. ಹಿಂದಿನಿಂದ ನೋಡಿದರೆ ಅದು ತಿರುಗುಮುರುಗು. ರಾಧಾಕೃಷ್ಣನ್ ಅದೇ ಸಭೆಯಲ್ಲಿ ಹಸಿರನ್ನು ಮಣ್ಣಿನೊಡನೆ, ಸಸ್ಯಗಳೊಡನೆ ಮನುಷ್ಯನಿಗಿರುವ ಸಂಬಂಧಕ್ಕೆ, ಚಕ್ರವನ್ನು ಧರ್ಮಕ್ಕೆ ಮತ್ತು ಚಲನೆಗೆ ಹೋಲಿಸಿದರು. ಗಾಂಧೀಜಿಗೆ ಮಾತ್ರ ಚರಕ ಹೋದದ್ದು ಸಮಾಧಾನ ತರಲಿಲ್ಲ. ಚರಕದ ಗುರುತಿಲ್ಲದ ಧ್ವಜಕ್ಕೆ ವಂದಿಸಲಾರೆ ಎನ್ನುವವರೆಗೂ ಅವರು ಹೋದರು.

ಆದರೆ ಚರಕ ಪೂರ್ತಿ ಹೋಗಿರಲಿಲ್ಲ. ಚಿತ್ರದಿಂದ ಇಳಿದು ಬಟ್ಟೆಯೊಳಗೆ ಸೇರಿಕೊಂಡಿತ್ತು. ಧ್ವಜ ಕೈಯಲ್ಲಿ ನೂತ, ಕೈಯಲ್ಲಿ ನೇಯ್ದ ಖಾದಿಯದೇ ಆಗಬೇಕು ಎಂಬ ನಿಯಮ ಗಟ್ಟಿಯಾಗಿ ಉಳಿಯಿತು. ತುಳಸಿಗೇರಿಯ ಮಗ್ಗಗಳ ಕಥೆ ಈ ನಿಯಮದ ಮೇಲೆ ನಿಂತಿದೆ.

ತಡೆದವರು ಕೊಟ್ಟ ಅರ್ಥ

ಬಾವುಟಕ್ಕೆ ಎಲ್ಲಕ್ಕಿಂತ ಗಾಢವಾದ ಅರ್ಥ ಬಂದದ್ದು ಅದನ್ನು ಹಾರಿಸಬೇಡಿ ಎಂದವರಿಂದ. 1923ರ ನಾಗಪುರದ ಝಂಡಾ ಸತ್ಯಾಗ್ರಹಕ್ಕೆ ಹರ್ಡೀಕರ್ ಹುಬ್ಬಳ್ಳಿಯ ಸ್ವಯಂಸೇವಕರನ್ನು ಕಟ್ಟಿಕೊಂಡು ಹೋದರು. ಜೈಲಿನಲ್ಲಿ ಕ್ಷಮಾಪಣೆ ಬರೆದುಕೊಡಿ ಎಂಬ ಒತ್ತಡ ಬಂದಾಗ ಈ ತಂಡ ಜಗ್ಗಲಿಲ್ಲ. ಅದೇ ವರ್ಷದ ಕೊನೆಗೆ ಹುಟ್ಟಿದ ಹಿಂದೂಸ್ತಾನಿ ಸೇವಾದಳ ತಿಂಗಳಿಗೊಮ್ಮೆ, ಕೊನೆಯ ಭಾನುವಾರ, ಧ್ವಜವಂದನೆ ಮಾಡುವ ಪದ್ಧತಿಯನ್ನು ಬೆಳೆಸಿತು. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಶಿವಪುರದಲ್ಲಿ ನಿಷೇಧಾಜ್ಞೆಯ ನಡುವೆ ತ್ರಿವರ್ಣ ಏರಿತು. ಗಂಡಭೇರುಂಡದ ಬಾವುಟವಿರುವ ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ಬಾವುಟಕ್ಕೇನು ಕೆಲಸ ಎಂಬುದು ಸರ್ಕಾರದ ಧೋರಣೆ. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆಯಿತು; ಬಾವುಟ ಹಿಡಿದು ಸೇರಿದ್ದ ಜನ ಪ್ರಾಣ ಬಿಟ್ಟರು. ಅವರೆಲ್ಲ ಹಸಿರೆಂದರೆ ಏನು, ಕೇಸರಿಯೆಂದರೆ ಏನು ಎಂದು ಕೇಳಿಕೊಂಡು ಬಂದವರಲ್ಲ.

ಇಳಕಲ್ ಕಡೆಯವರಿಗೆ ಈ ಮಾತು ಇನ್ನೂ ಹತ್ತಿರದ್ದು. 1947ರ ಆಗಸ್ಟ್ 15ರಂದು ಹುನಗುಂದ ತಾಲ್ಲೂಕಿನಲ್ಲಿ ತ್ರಿವರ್ಣ ಹಾರಿಸುವುದು ಹಬ್ಬ. ಇಳಕಲ್ ದಾಟಿ ಕುಷ್ಟಗಿ ದಿಕ್ಕಿಗೆ ಕೆಲವು ಮೈಲಿ ಹೋದರೆ ನಿಜಾಮನ ಸೀಮೆ. ಅಲ್ಲಿ ಅದೇ ಬಟ್ಟೆಯನ್ನು ಏರಿಸುವುದು ಅಪರಾಧ. ಹೈದರಾಬಾದ್ ಸಂಸ್ಥಾನದಲ್ಲಿ ಧ್ವಜಾರೋಹಣಕ್ಕೆ ಕರೆಕೊಟ್ಟ ಸ್ವಾಮಿ ರಾಮಾನಂದ ತೀರ್ಥರು ಅಂದೇ ಬಂಧನಕ್ಕೊಳಗಾದರು. ಗಡಿಯ ಆ ಕಡೆಯ ಊರುಗಳು ನಿರಾತಂಕವಾಗಿ ಝಂಡಾ ಹಾರಿಸಲು 1948ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಹದಿಮೂರು ತಿಂಗಳ ಕಾಲ ಒಂದೇ ಬಾವುಟಕ್ಕೆ ಒಂದು ಊರಲ್ಲಿ ಒಂದು ಅರ್ಥ, ಮಗ್ಗುಲೂರಲ್ಲಿ ಇನ್ನೊಂದು.

ಕೊರಿಯಾದಲ್ಲೂ ಹೀಗೇ ಆಯಿತು. 1910ರಿಂದ 1945ರವರೆಗೆ ಜಪಾನ್ ಆಳಿದ ದಿನಗಳಲ್ಲಿ ತೇಗುಕ್ಗಿ ಕದ್ದುಮುಚ್ಚಿ ಕಾಪಾಡುವ ವಸ್ತುವಾಯಿತು. 1919ರ ಮಾರ್ಚ್ 1ರ ಚಳವಳಿಯಲ್ಲಿ ಜನ ಅದನ್ನೇ ಹಿಡಿದು ಬೀದಿಗಿಳಿದರು. 1936ರ ಬರ್ಲಿನ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ಸೋನ್ ಕೀ–ಚಂಗ್ ಎದೆಯ ಮೇಲೆ ಜಪಾನಿನ ಸೂರ್ಯನಿದ್ದ. ಸೋಲ್ ನಗರದ ‘ದೋಂಗಾ ಇಲ್ಬೊ’ ಪತ್ರಿಕೆ ಆ ಸೂರ್ಯನನ್ನು ಅಳಿಸಿ ಚಿತ್ರ ಪ್ರಕಟಿಸಿತು. ಸರ್ಕಾರ ಪತ್ರಿಕೆಯನ್ನು ತಿಂಗಳುಗಟ್ಟಲೆ ನಿಲ್ಲಿಸಿತು. 2009ರಲ್ಲಿ ಸೋಲ್‌ನ ಜಿಂಗ್ವಾನ್ಸಾ ಬೌದ್ಧ ಮಂದಿರವನ್ನು ದುರಸ್ತಿ ಮಾಡುವಾಗ ಗೋಡೆಯೊಳಗಿಂದ ಒಂದು ಹಳೆಯ ತೇಗುಕ್ಗಿ ಹೊರಬಂತು. ಹತ್ತಿರದಿಂದ ನೋಡಿದರೆ ಅದು ಜಪಾನಿನ ಬಾವುಟ. ಕೆಂಪು ಸೂರ್ಯನ ಒಂದು ಭಾಗಕ್ಕೆ ಮಸಿ ಬಳಿದು ಇನ್–ಯಾಂಗ್ ಮಾಡಿದ್ದರು, ಮೂಲೆಗಳಲ್ಲಿ ಗೆರೆ ಎಳೆದಿದ್ದರು. ಆಳುವವರ ಬಟ್ಟೆಯ ಮೇಲೆ ಆಳಿಸಿಕೊಂಡವರ ಗುರುತು.

ಅಳತೆಯ ಮಡಿ

ಸ್ವಾತಂತ್ರ್ಯ ಬಂದ ಮೇಲೆ ಬಾವುಟ ಚಳವಳಿಗಾರರ ಕೈಯಿಂದ ಅಳತೆಗಾರರ ಕೈಗೆ ಬಂತು. ಭಾರತೀಯ ಮಾನಕ ಸಂಸ್ಥೆ 1951ರಲ್ಲಿ ಹೊರತಂದ ಮೊಟ್ಟಮೊದಲ ಮಾನಕ, ‘ಐಎಸ್ 1’, ಸಿಮೆಂಟಿನದಲ್ಲ, ಉಕ್ಕಿನದಲ್ಲ, ರಾಷ್ಟ್ರಧ್ವಜದ್ದು. ಉದ್ದ–ಅಗಲಗಳ ಪ್ರಮಾಣ 3:2. ಕೊರಿಯಾದ ಧ್ವಜದ್ದೂ ಇದೇ ಪ್ರಮಾಣ. ಒಟ್ಟು ಒಂಬತ್ತು ಗಾತ್ರ. ದೊಡ್ಡದು 6300 ಮಿ.ಮೀ. ಉದ್ದ, 4200 ಮಿ.ಮೀ. ಅಗಲ. ಚಿಕ್ಕದು ಮೇಜಿನ ಮೇಲಿಡುವ 150–100 ಮಿ.ಮೀ.ನದು. ಗಣ್ಯರ ಕಾರಿಗೆ 225–150. ಚಕ್ರಕ್ಕೆ 24 ಅರೆಗಳು. ಬಟ್ಟೆಯ ಎರಡೂ ಬದಿಯಲ್ಲಿ ಒಂದರ ಬೆನ್ನಿಗೆ ಒಂದು ಕರಾರುವಾಕ್ಕಾಗಿ ಕೂಡಬೇಕು.

ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಶುರುವಾದದ್ದು 1957ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ವರ್ಷಕ್ಕೆ ಸರಿಯಾಗಿ. ಧ್ವಜ ತಯಾರಿಕೆಗೆ ಅದು ಕೈಹಾಕಿದ್ದು ಈ ಶತಮಾನದ ಮೊದಲ ದಶಕದಲ್ಲಿ. ಮಾನಕ ಬ್ಯೂರೊ ಪರವಾನಗಿಯೊಂದಿಗೆ ಖಾದಿ ಧ್ವಜ ತಯಾರಿಸುವ ದೇಶದ ಏಕೈಕ ಘಟಕವೆಂದು ಅದು ಬಹುಕಾಲ ಹೆಸರಾಯಿತು. ಬಟ್ಟೆ ಬರುವುದು ಬಾಗಲಕೋಟೆ, ಧಾರವಾಡ ಜಿಲ್ಲೆಗಳ ಮಗ್ಗಗಳಿಂದ. ನೂಲುವುದು, ನೇಯುವುದು, ಬಿಳುಪು ಮಾಡಿ ಬಣ್ಣ ಹಾಕುವುದು, ಚಕ್ರದ ಅಚ್ಚು ಒತ್ತುವುದು, ಹೊಲಿಯುವುದು, ಕೊನೆಗೆ ಮರದ ಗುಬುಟು ಸಿಕ್ಕಿಸಿ ಹಗ್ಗ ಕಟ್ಟುವುದು: ಆರು ಹಂತದ ಈ ಕೆಲಸದಲ್ಲಿ ಹೆಚ್ಚಿನ ಕೈಗಳು ಹೆಣ್ಣುಮಕ್ಕಳವು. ಹಾರುವ ಭಾಗಕ್ಕೆ ಹಗುರ ಬಟ್ಟೆ, ಕಂಬದ ಕಡೆಯ ಪಟ್ಟಿಗೆ ದಪ್ಪ ಬಟ್ಟೆ. ಗಾಳಿಯ ಜಗ್ಗಾಟವನ್ನೆಲ್ಲ ತಡೆಯಬೇಕಾದದ್ದು ಆ ಪಟ್ಟಿಯೇ. ಬಣ್ಣದ ಛಾಯೆ ತುಸು ಆಚೀಚೆಯಾದರೂ, ಹೊಲಿಗೆ ಸೊಟ್ಟಗಾದರೂ ತಪಾಸಣೆಯಲ್ಲಿ ಬದಿಗೆ ಸರಿಯುತ್ತದೆ. ದೇವರ ಅಡುಗೆಯ ಮಡಿಗೂ ಈ ಮಡಿಗೂ ಹೆಚ್ಚು ಅಂತರವಿಲ್ಲ.

ಕಾನೂನಿಲ್ಲದ ಕೆಂಪು ಸೆರಗು

ಇಳಕಲ್ಲಿಗೆ ಬಂದರೆ ಈ ಅಳತೆಯ ಲೋಕಕ್ಕೆ ಪೂರ್ತಿ ಎದುರಾದ ಉದಾಹರಣೆ ಸಿಗುತ್ತದೆ. ಇಳಕಲ್ ಸೀರೆಯ ಒಡಲು ಯಾವ ಬಣ್ಣದ್ದಾದರೂ ಇರಲಿ, ಸಾಂಪ್ರದಾಯಿಕ ಟೋಪತೆನಿ ಸೆರಗು ಕೆಂಪೇ. ನಡುನಡುವೆ ಬಿಳಿಯ ವಿನ್ಯಾಸ. ಅದರಲ್ಲಿ ಹಣಿಗೆಯ ಹಲ್ಲಿದೆ, ಕೋಟೆಯ ತೆನೆಯಿದೆ, ಜೋಳದ ತೆನೆಯಿದೆ, ಬೆಟ್ಟದ ಸಾಲಿದೆ. ಬಾದಾಮಿ ಸೀಮೆಯ ಒಂದು ದಿನದ ನೋಟವೆಲ್ಲ ಆ ಸೆರಗಿನಲ್ಲಿ ಸಿಗುತ್ತದೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನೂಲು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಹಾಗಾಗಿ ಮಗ್ಗಕ್ಕೆ ಉದ್ದನೆಯ ಹಾಸು ಏರಿಸಿ ಸೀರೆಯ ಮೇಲೆ ಸೀರೆ ಇಳಿಸುವಂತಿಲ್ಲ.

ಈ ಕೆಂಪನ್ನು ಯಾವ ಸಭೆಯೂ ಅಂಗೀಕರಿಸಲಿಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಬಂದದ್ದು ತೀರ ಈಚೆಗೆ; ಕೆಂಪು ಸೆರಗು ಅದಕ್ಕಿಂತ ಎಷ್ಟೋ ತಲೆಮಾರು ಹಿಂದಿನದು. ಸಂತೆಯಲ್ಲಿ ದೂರದಿಂದ ತಲೆ ಮೇಲಿನ ಸೆರಗು ಕಂಡರೆ ಯಾವ ಕಡೆಯ ಹೆಣ್ಣುಮಗಳು ಎಂದು ಗೊತ್ತಾಗುತ್ತಿತ್ತು. ಬಾವುಟ ಮಾಡುವ ಕೆಲಸವೂ ಇದೇ ಅಲ್ಲವೇ? ಕನ್ನಡ ಬಾವುಟದ ಕಥೆಯೂ ಈ ಬಗೆಯದು. 1960ರ ದಶಕದಲ್ಲಿ ಮ. ರಾಮಮೂರ್ತಿ ರೂಪಿಸಿದ ಹಳದಿ–ಕೆಂಪಿಗೆ ಜನ ತಾವೇ ಅರಿಶಿನ–ಕುಂಕುಮದ ಅರ್ಥ ಕೊಟ್ಟುಕೊಂಡರು. ಶಾಂತಿ ಮತ್ತು ಕ್ರಾಂತಿ ಎಂದು ಓದಿದವರೂ ಇದ್ದಾರೆ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿ ಪಟ್ಟಿ ಸೇರಿಸಿ, ಅದರಲ್ಲಿ ಗಂಡಭೇರುಂಡದ ಲಾಂಛನ ಇಟ್ಟು ಅಧಿಕೃತ ನಾಡಧ್ವಜದ ಪ್ರಸ್ತಾವ ಮುಂದಿಟ್ಟಿತು. ಕೇಂದ್ರದ ಒಪ್ಪಿಗೆ ಬರಲಿಲ್ಲ. ರಾಜ್ಯೋತ್ಸವದಲ್ಲಿ, ಆಟೋಗಳ ಮೇಲೆ ಈಗಲೂ ಕಾಣುವುದು ಹಳೆಯ ಹಳದಿ–ಕೆಂಪೇ.

ಎತ್ತರ, ಪಾಲಿಯೆಸ್ಟರ್ ಮತ್ತು ಬೂದಿ

ಈಚಿನ ವರ್ಷಗಳಲ್ಲಿ ಬಾವುಟದ ಅರ್ಥ ಎತ್ತರದ ಕಡೆಗೆ ಹೊರಳಿದೆ. ಇಳಕಲ್ಲಿನಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ಸಿಗುವ ಹೊಸಪೇಟೆಯಲ್ಲಿ 2022ರ ಆಗಸ್ಟ್‌ನಲ್ಲಿ 405 ಅಡಿಯ ಕಂಬ ನಿಂತಿತು. ಈ ಪೈಪೋಟಿಯನ್ನು ಕೊರಿಯಾದ ಗಡಿ ಮೊದಲೇ ಕಂಡಿದೆ: 1980ರ ದಶಕದಲ್ಲಿ ದಕ್ಷಿಣದವರು ದೇಸೊಂಗ್–ದೋಂಗ್ ಹಳ್ಳಿಯಲ್ಲಿ ನೂರು ಮೀಟರ್ ಹತ್ತಿರದ ಕಂಬ ನೆಟ್ಟರೆ, ಉತ್ತರದವರು ಎದುರಿಗೆ 160 ಮೀಟರಿನದನ್ನು ನಿಲ್ಲಿಸಿದರು.

ತುಳಸಿಗೇರಿಗೆ ತಟ್ಟಿದ ಬದಲಾವಣೆ ಎತ್ತರದ್ದಲ್ಲ, ಎಳೆಯದು. 2002ರ ಧ್ವಜ ಸಂಹಿತೆ ಜನಸಾಮಾನ್ಯರ ಮನೆಗಳಿಗೂ ಧ್ವಜವನ್ನು ತಂದಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದು ನಾಗರಿಕರ ಹಕ್ಕು ಎಂದಿತು. 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟಿತು. ಮರುವರ್ಷ ‘ಹರ್ ಘರ್ ತಿರಂಗಾ’ ಅಭಿಯಾನ ಬಂದಾಗ ಬಾಗಲಕೋಟೆಯ ಓಣಿಗಳಿಂದ ಹಿಡಿದು ಬಾದಾಮಿಯ ಹೋಟೆಲುಗಳವರೆಗೆ ಎಲ್ಲೆಲ್ಲೂ ತ್ರಿವರ್ಣ. ಕೈಮಗ್ಗದಿಂದ ಅಷ್ಟು ಬಾವುಟ ಅಷ್ಟು ಬೇಗ ಬರುವುದು ಸಾಧ್ಯವಿರಲಿಲ್ಲ ಎಂಬುದು ನಿಜ. ಕಡಿಮೆ ಬೆಲೆಗೆ ಸಿಕ್ಕಿದ್ದರಿಂದಲೇ ಎಷ್ಟೋ ಮನೆಗಳು ಮೊದಲ ಸಲ ಝಂಡಾ ಕಟ್ಟಿದವು ಎಂಬುದೂ ನಿಜ. ಖಾದಿ ವಲಯದವರು ಎತ್ತಿದ ತಕರಾರು ಮಾರಾಟದ ಕುರಿತಾದದ್ದು ಮಾತ್ರ ಆಗಿರಲಿಲ್ಲ. 1947ರಲ್ಲಿ ಚಿತ್ರದಿಂದ ಇಳಿದ ಚರಕ 74 ವರ್ಷ ನೂಲಿನಲ್ಲಿ ಉಳಿದಿತ್ತು. ಅದು ಅಲ್ಲಿಂದಲೂ ಹೊರಡುವ ದಾರಿ ಈಗ ತೆರೆಯಿತು.

ಧ್ವಜ ಸಂಹಿತೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ಮಾತಿದೆ. ಹರಿದ, ಮಾಸಿದ ಧ್ವಜವನ್ನು ಎಲ್ಲೆಂದರಲ್ಲಿ ಬಿಸಾಡಬಾರದು. ಏಕಾಂತದಲ್ಲಿ, ಗೌರವದಿಂದ, ಆದಷ್ಟು ಸುಟ್ಟೇ ವಿಲೇವಾರಿ ಮಾಡಬೇಕು. ಖಾದಿಗೆ ಬೆಂಕಿ ಹಚ್ಚಿದರೆ ಕಾಗದದಂತೆ ಉರಿದು ಹಿಡಿ ಬೂದಿ ಉಳಿಯುತ್ತದೆ. ಅದು ಮಣ್ಣಿಗೆ ಸೇರುತ್ತದೆ. ಪಾಲಿಯೆಸ್ಟರ್ ಉರಿಯುವುದಕ್ಕಿಂತ ಹೆಚ್ಚಾಗಿ ಕರಗುತ್ತದೆ. ಮೂರೂ ಬಣ್ಣ ಒಂದರೊಳಗೊಂದು ಇಳಿದು, ತಣ್ಣಗಾದ ಮೇಲೆ ಕಪ್ಪಗಿನ ಗಟ್ಟಿ ಮುದ್ದೆಯಾಗಿ ಕಲ್ಲಿಗೆ ಅಂಟಿಕೊಳ್ಳುತ್ತದೆ.